ಮುಚ್ಚಳದೊಳಗಿನ ಹಸಿರು ವಾಯರ್

ಹೋದ ವರ್ಷ, ದೀಪಾವಳಿ ಮುಗಿದು ಲಗ್ನದ ಸೀಜನ್ ಇನ್ನೇನು ಶುರುವಾಗಬೇಕು ಅನ್ನುವ ಹೊತ್ತಿನಲ್ಲಿ ನಡೆದದ್ದು ಇದು. ಆಗ ನಾನು ಗೋಕಾಕದಲ್ಲಿ ಒಂದು ರಿಪೇರಿ ಅಂಗಡಿಯ ಮಾಲಕಿ, ಈಗಲೂ ಅದೇ. ಆಂಪ್ಲಿಫೈಯರ್, ಮೈಕು, ಸ್ಪೀಕರ್, ಮಿಕ್ಸರ್ ಇವು ನನ್ನ ಬಾಬತ್ತು. ಮಿಕ್ಸರ್ ಎಂದರೆ ಚಟ್ನಿ ಅರೆಯುವುದಲ್ಲ. ವೇದಿಕೆಯ ಮೇಲಿನ ಎಲ್ಲ ಮೈಕು, ವಾದ್ಯಗಳ ಸದ್ದನ್ನು ಒಂದುಗೂಡಿಸಿ ಸ್ಪೀಕರಿಗೆ ಕಳಿಸುವ ಯಂತ್ರ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬೋರ್ಡು ನೋಡಿ ಅಡುಗೆಮನೆಯ ಮಿಕ್ಸರ್ ಹೊತ್ತು ಬರುವವರ ಕಾಟ ನನಗೆ ಸಾಕಾಗಿ ಹೋಗಿದೆ.

ಅದಕ್ಕೂ ಮೊದಲು ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಲ್ಯಾಂಡ್‌ಲೈನುಗಳ ಕಾಲ ಮುಗಿಯುತ್ತ ಬಂದಾಗ ಸ್ವಯಂ ನಿವೃತ್ತಿ ತೆಗೆದುಕೊಂಡೆ. "ಇನ್ನ ಮನ್ಯಾಗ ಆರಾಮ ಕೂಡ್ರು" ಎಂದು ಕೊಣ್ಣೂರಿನ ನಮ್ಮ ಮನೆಯಲ್ಲಿ ಎಲ್ಲರೂ ಹೇಳಿದರು. ಕೂತು ಏನು ಮಾಡಲಿ? ಗೋಡೆ ನೋಡಲೇ? ಬಂದ ದುಡ್ಡಿನಲ್ಲಿ ಗೋಕಾಕದಲ್ಲಿ ಅಂಗಡಿ ಹಿಡಿದೆ. ಬರುವ ಗಿರಾಕಿ ಒಳಗೆ ಇಣುಕಿ, ನನ್ನ ಕೈಯಲ್ಲಿ ವಾಯರು ಬೆಸೆಯುವ ಕಾದ ಸೋಲ್ಡರಿಂಗ್ ಐರನ್ ಹೊಗೆಯಾಡುತ್ತಿದ್ದರೂ, "ಮಾಲಕರ ಎಲ್ಲಿ ಹೋಗ್ಯಾರ್ರಿ?" ಎಂದು ಕೇಳುತ್ತಿದ್ದ. "ಎದುರಿಗೇ ಕುಂತಾರ, ಕಣ್ಣ ಇದ್ರ ನೋಡ್ರಿ" ಎನ್ನುವುದು ನನ್ನ ಖಾಯಂ ಉತ್ತರ. ಇದರಿಂದ ಕೆಲವು ಗಿರಾಕಿಗಳು ಹೋದರು. ಹೋಗಲಿ ಬಿಡಿ.

ಒಂದು ಮಧ್ಯಾಹ್ನ ಬೆನ್ನಿಗೆ ಗಿಟಾರಿನ ಚೀಲ ಹಾಕಿಕೊಂಡ ಹೆಣ್ಣುಮಗಳೊಬ್ಬಳು ಬಂದಳು. ಮಾಲಕರನ್ನು ಕೇಳಲಿಲ್ಲ. "ಕಮಲಕ್ಕಾರ ನೀವ ಏನ್ರಿ?" ಎಂದಳು. ಆವಾಗಲೇ ನನಗೆ ಸೇರಿದಳು. ಹೆಸರು ಸುಜಾತಾ. ಊರು ಹತ್ತರಗಿ, ಹುಕ್ಕೇರಿಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ರಜೆ ಸಿಕ್ಕ ದಿನ ಮೂಡಲಗಿಯ ಪರಸಪ್ಪ ಎಂಬವನ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಾಳೆ. ಪರಸಪ್ಪನನ್ನು ನಾನು ಬಲ್ಲೆ. ಆರ್ಕೆಸ್ಟ್ರಾದ ಮಾಲಕ ಅವನೇ, ಕೀಬೋರ್ಡ್ ನುಡಿಸುವವನು ಅವನೇ, ಸೌಂಡ್ ಸಿಸ್ಟಮ್ಮೂ ಅವನದೇ. ಹಾಳೂರಿಗೆ ಉಳಿದವನೇ ಗೌಡ.

ಸುಜಾತಾ ಚೀಲದಿಂದ ಒಂದು ಸಣ್ಣ ಲೋಹದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಅದು ರಿವರ್ಬ್ ಪೆಡಲ್. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಯಲಿನಲ್ಲಿ ನಿಂತು ಒಂದು ಸೊಲ್ಲು ಹಾಡಿ. ಸದ್ದು ಬಾಯಿಂದ ಬಿದ್ದಲ್ಲೇ ಸಾಯುತ್ತದೆ. ಅದನ್ನೇ ಕಲ್ಲು ಕಟ್ಟಿದ ಬಾವಿಗೆ ಬಗ್ಗಿ ಹಾಡಿ. ಸೊಲ್ಲು ಮುಗಿದ ಮೇಲೂ ಸದ್ದು ಅಲ್ಲೇ ಸುತ್ತಾಡಿ, ತುಂಬಿಕೊಂಡು, ನಿಧಾನ ಆರುತ್ತದೆ. ಆ ಸುತ್ತಾಟಕ್ಕೆ ರಿವರ್ಬ್ ಎನ್ನುತ್ತಾರೆ. ಗಿಟಾರಿಗೂ ಮಿಕ್ಸರಿಗೂ ನಡುವೆ ಈ ಡಬ್ಬಿಯನ್ನು ನೆಲದ ಮೇಲಿಟ್ಟು ಕಾಲಿನಿಂದ ಸ್ವಿಚ್ ಒತ್ತಿದರೆ ಬಯಲಲ್ಲೂ ಬಾವಿಯ ಗುಂಗು ಬರುತ್ತದೆ. ಅದಿಲ್ಲದ ಎಲೆಕ್ಟ್ರಿಕ್ ಗಿಟಾರ್ ನಮ್ಮ ಪೆಂಡಾಲುಗಳಲ್ಲಿ ಒಣ ಕಡ್ಡಿ ಮುರಿದ ಹಾಗೆ ಕೇಳಿಸುತ್ತದೆ.

"ಜೀವ ಐತೇನ್ರಿ ನೋಡ್ರಿ ಅಕ್ಕಾರ" ಎಂದಳು.

ಬಿಚ್ಚಿ ನೋಡಿದೆ. ಯಪ್ಪಾ! ಹೊರಗೆ ಥಳುಕು, ಒಳಗೆ ಹುಳುಕು ಅನ್ನುತ್ತಾರಲ್ಲ, ಅದಕ್ಕೆ ಕೈಕಾಲು ಮೂಡಿದಂತಿತ್ತು. ಯಾರೋ ಮೊದಲೇ ಒಮ್ಮೆ ರಿಪೇರಿಗೆ ಕೈಹಾಕಿದ್ದರು. ವಾಯರುಗಳು ಬಾಚದ ತಲೆಯಂತೆ ಒಂದರೊಳಗೊಂದು ಸಿಕ್ಕಿಕೊಂಡಿದ್ದವು, ಎಲ್ಲವೂ ಒಂದೇ ಬಣ್ಣ. ಮುಖ್ಯವಾದ ಚಿಪ್, ಅಂದರೆ ಐಸಿಯ ಮೈಮೇಲಿನ ನಂಬರನ್ನು ಬ್ಲೇಡಿನಿಂದ ಕೆರೆದು ಮೇಲೆ ಕರಿ ಅಂಟು ಸುರಿದಿದ್ದರು. ನಮ್ಮ ರಿಪೇರಿ ಲೈನಿನಲ್ಲಿ ಇದೊಂದು ಹಳೆಯ ಚಾಳಿ. ಒಳಗೆ ಯಾವ ಭಾಗ ಹಾಕಿದ್ದೇನೆಂದು ಇನ್ನೊಬ್ಬ ರಿಪೇರಿಯವನಿಗೆ ಗೊತ್ತಾಗಬಾರದು, ಗಿರಾಕಿ ಸಾಯುವ ತನಕ ತನ್ನ ಅಂಗಡಿಗೇ ಬರಬೇಕು. ಈ ಜಾಣತನ ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಆದರೆ ಪೆಡಲ್ ಸತ್ತದ್ದು ಅಂಟಿನಿಂದಲ್ಲ, ಅಡಾಪ್ಟರಿನಿಂದ. ಗಿಟಾರ್ ಪೆಡಲುಗಳಿಗೆ ಕರೆಂಟು ಕೊಡುವ ಅಡಾಪ್ಟರಿನ ನಡುವಿನ ತುದಿ ಸಾಮಾನ್ಯವಾಗಿ ಮೈನಸ್ ಇರುತ್ತದೆ. ಮನೆಯ ಟಿವಿಯ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರಿನಲ್ಲಿ ಅದು ಪ್ಲಸ್. ಎರಡೂ ಒಂದೇ ತೂತಿಗೆ ಸರಿಯಾಗಿ ಕೂರುತ್ತವೆ, ತಪ್ಪು ಹಾಕಿದರೆ ಒಳಗಿನ ಐಸಿ ಕ್ಷಣದಲ್ಲಿ ಸುಡುತ್ತದೆ. ಪರಸಪ್ಪನ ಬಳಿ ಒಂದು ಗೋಣಿಚೀಲ ಇದೆ. ಊರಿನ ಹಳೆಯ ಅಡಾಪ್ಟರುಗಳೆಲ್ಲ ಅದರಲ್ಲಿ. ಕೈಹಾಕಿದಾಗ ಯಾವುದು ಸಿಗುತ್ತದೋ ಅದನ್ನು ಹಚ್ಚುವುದು ಅವನ ಪದ್ಧತಿ. ತೂತಿಗೆ ಕೂತರೆ ಸಾಕು, ಸಂಬಂಧ ಕೂಡಿಬಂತು ಅಂತಲೇ ಅವನ ಲೆಕ್ಕ.

"ಇದು ಹೋಗೇತಿ, ತಂಗಿ" ಎಂದೆ.

ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. ದಿನಾ ಸಾವು ನೋಡುವ ಹುಡುಗಿ, ಒಂದು ಡಬ್ಬಿಗೆ ಇಷ್ಟು ಯಾಕೆ ಎಂದು ನನಗೆ ಅನಿಸಿತು. ಆಗ ಹೇಳಿದಳು: "ಪರಸಣ್ಣಾರು ಕಡ್ಡಿ ಮುರದ್ಹಂಗ ಹೇಳ್ಯಾರ್ರಿ. 'ನಿನ್ನ ಗಿಟಾರ ಒಣಾ ಒಣಾ ಕೇಳತೈತಿ. ಕೀಬೋರ್ಡಿನ್ಯಾಗ ಗಿಟಾರದ ಬಟನ್ ಐತಿ, ಒತ್ತಿದ್ರ ಮುಗೀತು. ಮೂಡಲಗಿ ಲಗ್ನದ ಪ್ರೋಗ್ರಾಮಿಗೆ ಒಮ್ಮಿ ಬಾ. ಚಲೋ ಆಗಲಿಲ್ಲಂದ್ರ ನಿನ್ನ ಖುರ್ಚಿ ತಗದಬಿಡತೇನಿ' ಅಂತ."

"ಹೋದ್ರ ಹೋಗಲಿ. ನಿನಗ ನೌಕರಿ ಐತಲ್ಲ?"

"ನೌಕರಿ ಐತ್ರಿ" ಎಂದಳು. ಗಿಟಾರಿನ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ನಮ್ಮಪ್ಪ ಕಬ್ಬ ಕಡದ ಬಂದು, ಕೈ ತೊಳಕೊಂಡು ಏಕತಾರಿ ಹಿಡಿತಿದ್ರು. ಆ ಹೊತ್ತಿನ್ಯಾಗ ಅವರ ಮುಖಾನ ಬ್ಯಾರೆ. ನನ್ನ ಮೊದಲನೇ ಪಗಾರದಾಗ ನಾ ಈ ಗಿಟಾರ ತಗೊಂಡೆ. ವಾರ್ಡಿನ್ಯಾಗ ವಾರಪೂರ್ತಿ ಮಂದಿ ನರಳೂದ ಕೇಳತೇನ್ರಿ ಅಕ್ಕಾರ. ಸ್ಟೇಜಿನ ಮ್ಯಾಲ ಕುಂತಾಗಷ್ಟ ನನ್ನ ಕಿವಿ ನನ್ನವು."

ನನಗೆ ಸಿಟ್ಟು ಬಂತು. ಬಟನ್ ಅಂತೆ! ಎಕ್ಸ್‌ಚೇಂಜಿನಿಂದ ನಮ್ಮನ್ನು ಮನೆಗೆ ಕಳಿಸಿದ್ದೂ ಇಂಥದ್ದೇ ಒಂದು ಮಾತು. ನೀವು ಮಾಡುವುದನ್ನೆಲ್ಲ ಮಷೀನು ಮಾಡುತ್ತದೆ, ನೀವು ಯಾಕೆ ಎಂದಿದ್ದರು. ಅವತ್ತು ಸುಮ್ಮನೆ ಸಹಿ ಹಾಕಿ ಬಂದಿದ್ದೆ, ಸುತ್ತ ಇದ್ದವರೆಲ್ಲ ಹಾಕುತ್ತಿದ್ದರು. ಈ ಸಲ ಎದುರಿಗೆ ಒಬ್ಬಳೇ ಇದ್ದಳು, ಮತ್ತು ಅವಳು ನನ್ನ ಅಂಗಡಿಯಲ್ಲಿ ಕೂತಿದ್ದಳು.

ಹೊಸದನ್ನು ತರಿಸಬಹುದಿತ್ತು. ಬರುವ ಹೊತ್ತಿಗೆ ಲಗ್ನ ಮುಗಿದು ಮದುಮಕ್ಕಳು ದೇವರಿಗೆ ಹೋಗಿ ಬಂದಿರುತ್ತಿದ್ದರು. ಬಂದರೂ ಪರಸಪ್ಪನ ಗೋಣಿಚೀಲ ಅದಕ್ಕಾಗಿಯೇ ಕಾಯುತ್ತಿತ್ತು.

"ನಾ ಮಾಡತೇನಿ" ಎಂದೆ.

"ಮನ್ಯಾಗ ಮಾಡಾಕ ಬರತೈತೇನ್ರಿ ಇದು?"

"ಕಂಪನಿಯಾಗ ಮಾಡಾವ್ರೂ ಯಾರದೋ ಮನಿ ಮಂದೀನ. ದೇವಲೋಕದಿಂದ ಇಳದ ಬಂದಿಲ್ಲ. ಎದ್ದೇಳು, ಹುಕ್ಕೇರಿ ಬಸ್ಸಿನ ಟೈಮ್ ಆತು."

ಧೈರ್ಯವಾಗಿ ಹೇಳಿದೆನೇ ಹೊರತು ಅಲ್ಲಿಯವರೆಗೆ ರಿವರ್ಬ್ ಪೆಡಲನ್ನು ಮೊದಲಿಂದ ಕಟ್ಟಿದವಳಲ್ಲ ನಾನು. ಆದರೆ ನಮ್ಮ ಕಡೆ ಭಜನೆ, ಕೀರ್ತನೆಗೆ ಬಳಸುವ ಆಂಪ್ಲಿಫೈಯರುಗಳಲ್ಲಿ ಇಕೋ ಬೋರ್ಡು ಇರುತ್ತದೆ, ಅಂಥವನ್ನು ಲೆಕ್ಕವಿಲ್ಲದಷ್ಟು ರಿಪೇರಿ ಮಾಡಿದ್ದೆ. ಅದರ ಇಕೋ ಐಸಿ ಎಲ್ಲೆಡೆ ಸಿಗುತ್ತದೆ. ಒಂದೇ ಐಸಿ ಹಾಕಿದರೆ ಸದ್ದು ಗೋಕಾಕದ ಕಣಿವೆಯಲ್ಲಿ ಕೂಗಿದ ಹಾಗೆ ಬೇರೆಯಾಗಿ ತಿರುಗಿ ಬರುತ್ತದೆ, ಅದು ಇಕೋ. ಅಂಥವು ಮೂರನ್ನು ಹಾಕಿ, ಒಂದೊಂದಕ್ಕೂ ಬೇರೆ ಬೇರೆ ಚಿಕ್ಕ ಅಂತರ ಕೊಟ್ಟು, ಒಂದರ ಸದ್ದನ್ನು ಇನ್ನೊಂದಕ್ಕೆ ಉಣಿಸಿದರೆ ಮರುದನಿಗಳು ಒತ್ತೊತ್ತಾಗಿ ಕೂಡಿ ಬಾವಿಯ ಗುಂಗು ಆಗುತ್ತದೆ. ಸರ್ಕ್ಯೂಟಿನ ವಿಚಾರ ಇಷ್ಟೇ. ಹೇಳುವುದು ಸುಲಭ. ಮೊದಲ ಸಲ ಮೇಜಿನ ಮೇಲೆ ಹರಡಿ ಜೋಡಿಸಿದಾಗ ಗಿಟಾರಿಗಿಂತ ಗುಂಯ್ ಎನ್ನುವ ಸದ್ದೇ ದೊಡ್ಡದಾಗಿ ಬಂತು.

ನಾನು ಆ ಗುಂಯ್‌ಗುಟ್ಟುವಿಕೆಯ ಜೊತೆ ಗುದ್ದಾಡುತ್ತಿರುವಾಗಲೇ ಪರಸಪ್ಪ ಕೆಟ್ಟುಹೋದ ತನ್ನ ಎರಡನೇ ಆಂಪ್ಲಿಫೈಯರ್ ಹೊತ್ತುಕೊಂಡು ಬಂದ. ಮೇಜಿನ ಮೇಲಿನ ಜಾತ್ರೆ ನೋಡಿ ನಕ್ಕ.

"ಏನ್ರಿ ಕಮಲಾಬಾಯಿ, ಆ ನರ್ಸಗ ಇಂಜೆಕ್ಷನ್ ತಯಾರ ಮಾಡಾಕತ್ತೀರೇನು?"

"ಹೌದು. ಯಾರಿಗೆ ಚುಚ್ಚಬೇಕಂತ ಅಕಿಗೆ ಗೊತ್ತೈತಿ."

ಅವನ ನಗು ಅರ್ಧಕ್ಕೆ ನಿಂತಿತು. "ಚೇಷ್ಟಿ ಬಿಡ್ರಿ. ಮನ್ಯಾಗ ಮಾಡಿದ ಡಬ್ಬಿ ನನ್ನ ಮಿಕ್ಸರಿಗೆ ಹಚ್ಚಾಕ ಬಿಡಂಗಿಲ್ಲ ನಾ. ಒಳಗ ಏನ ಹಾಕಿರತೀರೋ ಏನೋ. ಮಿಕ್ಸರ್ ಸುಟ್ರ ಲಗ್ನದವರಿಗೆ ನಾ ಏನ ಹೇಳಲಿ?"

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ನಮ್ಮವರ ರಕ್ತದಲ್ಲೇ ಇದೆ. ಇಷ್ಟು ವರ್ಷ ಕೆಟ್ಟ ಮಿಕ್ಸರ್ ನನ್ನ ಕೈಯಲ್ಲೇ ಸರಿಮಾಡಿಸಿಕೊಂಡವನು, ನಾನು ಒಂದು ಹೊಸದು ಮಾಡುತ್ತೇನೆ ಅಂದರೆ ನಂಬಲಾರ.

"ಒಳಗ ಏನ ಐತಿ ಅಂತ ಸ್ಟೇಜಿನ ಮ್ಯಾಲ ಬಿಚ್ಚಿ ತೋರಸತೇನಿ. ಆಮ್ಯಾಲ ಹಚ್ಚಸತೀರೋ?"

"ಅಯ್ಯ, ಒಳಗ ಯಾರ್ ನೋಡ್ತಾರ್ರಿ ಬಾಯಾರ? ಮಂದಿಗೆ ಹೊರಗಿಂದ ಚಂದ ಕಂಡ್ರ ಸಾಕು" ಎಂದು ಆಂಪ್ಲಿಫೈಯರ್ ಇಟ್ಟು ಹೋದ. ನಾನು ಅದನ್ನು ಅಂಗಡಿಯ ಮೂಲೆಗೆ ನೂಕಿ, ಅದರ ಮೇಲೆ ಹಳೆಯ ಪೇಪರ್ ಹೊದಿಸಿದೆ. ಸೀಜನ್ ಬಾಗಿಲಿಗೆ ಬಂದ ಮೇಲೆ ತಂದಿದ್ದಾನೆ, ಕಾಯಲಿ.

ಒಳಗೆ ಯಾರು ನೋಡುತ್ತಾರೆ! ಆ ಮಾತು ತಲೆಗೆ ಹೊಕ್ಕ ಮೇಲೆ ನಾನು ಡಬ್ಬಿಯನ್ನು ಒಳಗಿನಿಂದಲೇ ಕಟ್ಟಲು ಶುರು ಮಾಡಿದೆ. ಎಕ್ಸ್‌ಚೇಂಜಿನಲ್ಲಿ ನಮಗೆ ಕಲಿಸಿದ ಮೊದಲ ಪಾಠ ಫೋನಿನದಲ್ಲ, ದಾರದ್ದು. ಅಲ್ಲಿ ಒಂದು ದೊಡ್ಡ ಚೌಕಟ್ಟಿಗೆ ಇಡೀ ಊರಿನ ವಾಯರುಗಳು ಬಂದು ಸೇರುತ್ತವೆ. ಅವನ್ನು ಗುಂಪು ಗುಂಪಾಗಿ ಮೂಲೆಗೆ ತಕ್ಕಂತೆ ಬಗ್ಗಿಸಿ, ಮೇಣದ ದಾರದಿಂದ ಗಂಟು ಹಾಕುತ್ತ ಜಡೆ ಹೆಣೆದ ಹಾಗೆ ಕಟ್ಟಬೇಕು. ಇದಕ್ಕೆ ಲೇಸಿಂಗ್ ಅನ್ನುತ್ತಿದ್ದೆವು. ಸ್ವಲ್ಪ ಸೊಟ್ಟಗಾದರೆ ನಮ್ಮ ಸೂಪರ್‌ವೈಸರು ಕತ್ತರಿ ತಂದು ಎಲ್ಲಾ ಗಂಟು ಕತ್ತರಿಸಿ ಹಾಕುತ್ತಿದ್ದರು. "ನಿನ್ನ ಡ್ಯೂಟಿ ಮುಗದ ಮ್ಯಾಲ ಇಲ್ಲಿ ಬರಾಂವ ಇನ್ನೊಬ್ಬ. ಅಂವ ನಿನಗ ಬೈಬಾರದು" ಎನ್ನುತ್ತಿದ್ದರು. ಆಗ ನಾನು ಅವರಿಗೆ ಮನಸ್ಸಿನಲ್ಲೇ ಬೇಕಾದಷ್ಟು ಬೈದಿದ್ದೇನೆ.

ನನ್ನ ಅಂಗಡಿಯ ಬಾಜೂದಲ್ಲಿ ಚಪ್ಪಲಿ ಹೊಲಿಯುವವರಿದ್ದಾರೆ. ಅವರ ಬಳಿ ಮೇಣ ಉಜ್ಜಿದ ದಾರ ಕೇಳಿ ತಂದೆ. ಟ್ರಂಕು ಮಾಡುವವರಿಂದ ದಪ್ಪ ತಗಡಿನ ಡಬ್ಬಿ ಬಗ್ಗಿಸಿಕೊಂಡೆ, ಕಾಲಿನಿಂದ ತುಳಿದರೂ ನೆಗ್ಗಬಾರದು. ಬಣ್ಣಗಳನ್ನು ಗೊತ್ತು ಮಾಡಿದೆ. ಕೆಂಪು ಎಂದರೆ ಕರೆಂಟಿನ ಪ್ಲಸ್, ಕರಿದು ಮೈನಸ್, ಅಂದರೆ ಅರ್ತ್. ಗಿಟಾರಿನಿಂದ ಒಳಗೆ ಬರುವುದು ಹಳದಿ, ಒಳಗಿಂದ ಮಿಕ್ಸರಿಗೆ ಹೋಗುವುದು ಹಸಿರು. ಬೇರೆ ಬಣ್ಣವೇ ಇಲ್ಲ. ಕರಿ ವಾಯರುಗಳನ್ನೆಲ್ಲ ಅಲ್ಲೊಂದು ಇಲ್ಲೊಂದು ಕಡೆ ಕೂಡಿಸದೆ ಒಂದೇ ಜಾಗಕ್ಕೆ ತಂದು ಸೇರಿಸಿದೆ. ಕರೆಂಟಿನ ವಾಯರನ್ನು ಒಂದು ಗೋಡೆಗೆ, ಸದ್ದಿನ ವಾಯರನ್ನು ಎದುರು ಗೋಡೆಗೆ ಒರಗಿಸಿ, ಒಂದಕ್ಕೊಂದು ಮೈ ತಾಗದಂತೆ ಲೇಸಿಂಗ್ ಹಾಕಿದೆ. ಅಷ್ಟು ಮಾಡಿದ್ದೇ ತಡ, ಮೂರು ದಿನ ಜೀವ ತಿಂದ ಗುಂಯ್ ಸದ್ದು ಹೇಳಹೆಸರಿಲ್ಲದೆ ಹೋಯಿತು. ಚೊಕ್ಕ ಕೆಲಸ ಬರೀ ಚಂದಕ್ಕಲ್ಲ, ನೋಡಿ.

ಇನ್ನೆರಡು ಕೆಲಸ ಹಠಕ್ಕೆಂದೇ ಮಾಡಿದೆ. ಅಡಾಪ್ಟರ್ ಸೇರುವ ಬಾಯಿಯಲ್ಲಿ ನಾಲ್ಕು ಡಯೋಡುಗಳನ್ನು ಹಾಕಿದೆ. ಡಯೋಡ್ ಎಂದರೆ ಕರೆಂಟಿಗೆ ಒಮ್ಮುಖ ಬಾಗಿಲು. ನಾಲ್ಕನ್ನು ಸರಿಯಾಗಿ ಕೂಡಿಸಿದರೆ ಪ್ಲಸ್ ಯಾವ ಕಡೆಯಿಂದ ಬಂದರೂ ಒಳಗೆ ಸರಿಯಾದ ಕಡೆಗೇ ಹೋಗುತ್ತದೆ. ಕಂಪನಿಯವರು ಬಳಸುವವನು ಜಾಣ ಅಂದುಕೊಂಡು ಮಾಡುತ್ತಾರೆ. ನಾನು ಪರಸಪ್ಪನನ್ನು ಕಣ್ಣೆದುರು ಇಟ್ಟುಕೊಂಡು ಮಾಡಿದೆ. ಎರಡನೆಯದು ಮುಚ್ಚಳ. ಅಂಟು, ಸೀಲು, ಸ್ಟಿಕ್ಕರು ಯಾವುದೂ ಇಲ್ಲ. ಬೆರಳಿನಿಂದಲೇ ತಿರುವಿ ತೆಗೆಯುವ ಸ್ಕ್ರೂಗಳು. ಐಸಿಗಳ ನಂಬರುಗಳನ್ನು ಎಲ್ಲರಿಗೂ ಓದಲು ಬರುವಂತೆ ಒಂದೇ ದಿಕ್ಕಿಗೆ ಮುಖ ಮಾಡಿ ಕೂರಿಸಿದೆ. ಯಾರು ಬೇಕಾದರೂ ನೋಡಲಿ, ಬೇಕಾದರೆ ನಕಲು ಮಾಡಲಿ.

ಸುಜಾತಾ ಬಂದಳು. ಗಿಟಾರ್ ಹಚ್ಚಿ ಒಂದೇ ತಂತಿ ಮೀಟಿದಳು. ಸ್ವರ ಅಂಗಡಿಯ ತುಂಬ ತಿರುಗಿ, ಚಪ್ಪಲಿ ಅಂಗಡಿಯ ಕಡೆ ಹೋಗಿ, ನಿಧಾನ ಕರಗಿತು. ಅವಳು ಎರಡನೇ ಸಲ ಮೀಟಲಿಲ್ಲ. ಕಣ್ಣು ತುಂಬಿಕೊಂಡು ನನ್ನನ್ನೇ ನೋಡಿದಳು. ನಾನು ಅಳುವವರ ಎದುರು ನಿಲ್ಲಲಾರೆ, ಅದಕ್ಕೆ ಗದರಿದೆ.

"ಅಳೂದ ಆಮ್ಯಾಲ. ಮೊದಲ ಮುಚ್ಚಳಾ ತಗಿ."

"ನಾ ಯಾಕ್ರಿ? ಅದು ನಿಮ್ಮ ಕೆಲಸ."

"ಡಬ್ಬಿ ಯಾರದು? ನಿನ್ನದು. ತಗಿ ಅಂದ್ರ ತಗಿ."

ತೆಗೆದಳು. ಒಳಗೆ ಬಗ್ಗಿ ನೋಡಿ, "ಯವ್ವಾ, ಎಷ್ಟ ಚೊಕ್ಕ ಐತ್ರಿ! ಐಸಿಯು ಪೇಶಂಟಿನ ನಳಿಗಿ ಇದ್ದಂಗ. ಯಾವದು ಎಲ್ಲಿಂದ ಬಂದು ಎಲ್ಲಿಗೆ ಹೋಗತೈತಿ ಅಂತ ಕಾಣತೈತಿ" ಎಂದಳು. ನಾನು ಒಂದೊಂದೇ ವಾಯರಿನ ಮೇಲೆ ಬೆರಳಿಟ್ಟು ಕೇಳಿದೆ, ಅವಳು ಹೇಳಿದಳು. ಕೆಂಪು ತಪ್ಪಲಿಲ್ಲ, ಹಳದಿ ತಪ್ಪಲಿಲ್ಲ. ಹಸಿರಿನ ಹತ್ತಿರ ಬಂದಾಗ "ಇದು ಹೊರಗ ಹೋಗೂದ್ರಿ, ಮಿಕ್ಸರಿಗೆ" ಎಂದು ಅದು ಜಾಕಿಗೆ, ಅಂದರೆ ಕೇಬಲ್ ಚುಚ್ಚುವ ತೂತಿಗೆ, ಸೇರುವ ಜಾಗವನ್ನು ತೋರಿಸಿದಳು. ಪಾಸಾದಿ ಹೋಗು ಎಂದು ಕಳಿಸಿದೆ.

ಲಗ್ನದ ಸಂಜೆ ನಾನೂ ಮೂಡಲಗಿಗೆ ಹೋದೆ. ಯಾರೂ ಕರೆದಿರಲಿಲ್ಲ. ಅಕ್ಷತೆ ಆಗಲೇ ಬಿದ್ದು ರಿಸೆಪ್ಷನ್ ನಡೆದಿತ್ತು, ಪೆಂಡಾಲಿನಲ್ಲಿ ಮಂದಿ ಕಿಕ್ಕಿರಿದಿದ್ದರು. ನಾನು ನೆಟ್ಟಗೆ ಸ್ಟೇಜು ಹತ್ತಿ, ಮಿಕ್ಸರಿನ ಹತ್ತಿರ ನಿಂತಿದ್ದ ಪರಸಪ್ಪನ ಎದುರಿಗೆ ಸುಜಾತಾಳ ಕೈಯಲ್ಲಿದ್ದ ಡಬ್ಬಿ ಇಟ್ಟು ಮುಚ್ಚಳ ತೆಗೆದೆ.

"ನೋಡ್ರಿ. ನೋಡಿ, ಸುಡತೈತಿ ಅಂತ ಯಾವದಾದ್ರೂ ಒಂದ ವಾಯರ್ ತೋರಸ್ರಿ. ತೋರಸಿದ್ರ ಹಿಂಗಿಂದ ಹಿಂಗ ಗೋಕಾಕಕ್ಕ ಹೋಗತೇನಿ."

ಅವನು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಸೌಂಡಿನವನು, ವಾಯರಿನ ಭಾಷೆ ಅವನಿಗೂ ಬರುತ್ತದೆ. ಆದರೆ ಬಿಟ್ಟುಕೊಡಲಿಲ್ಲ. "ಕಾಣಾಕೇನೋ ಚಂದ ಐತಿ" ಎನ್ನುತ್ತ ಗೋಣಿಚೀಲಕ್ಕೆ ಕೈಹಾಕಿ ಒಂದು ಅಡಾಪ್ಟರ್ ಎಳೆದ. ಅದೇ ಸೆಟ್‌ಟಾಪ್ ಬಾಕ್ಸಿನದು! ಸುಜಾತಾ "ಅಣ್ಣಾರ, ಬ್ಯಾಡ್ರಿ!" ಎಂದು ಚೀರಿದಳು.

"ಹಚ್ಚಲಿ ಬಿಡು" ಎಂದೆ.

ಹಚ್ಚಿದ. ಡಬ್ಬಿಯ ಮೇಲಿನ ಸಣ್ಣ ಕೆಂಪು ದೀಪ ತಣ್ಣಗೆ ಹೊತ್ತಿತು. ಪರಸಪ್ಪ ಅಡಾಪ್ಟರನ್ನೊಮ್ಮೆ, ಡಬ್ಬಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕೀಬೋರ್ಡಿನ ಹಿಂದೆ ಹೋಗಿ ಕೂತ. ನಾನು ಕೆಳಗಿಳಿದು ಹೆಣ್ಣುಮಕ್ಕಳ ಕಡೆ, ನಡುವಿನ ಸಾಲಿನಲ್ಲಿ ಜಾಗ ಹಿಡಿದೆ.

ಮೊದಲ ಹಾಡುಗಳು ಚೆನ್ನಾಗಿ ಹೋದವು. ಗಿಟಾರ್ ತುಂಬಿಕೊಂಡು ಕೇಳುತ್ತಿತ್ತು. ನನ್ನ ಪಕ್ಕದ ಮುದುಕಿ "ಆ ಹುಡಿಗಿ ಏನ ಬಾರಸಾಕತ್ತಾಳವಾ, ಎದಿ ಜುಮ್ಮ ಅನತೈತಿ" ಎಂದಳು. ನನಗೂ ಹಾಗೇ ಅನ್ನುತ್ತಿತ್ತು. ಅಷ್ಟರಲ್ಲಿ ಕುಣಿತದ ಹಾಡು ಬಂತು, ಮದುಮಗನ ಗೆಳೆಯರು ಸ್ಟೇಜಿಗೇ ನುಗ್ಗಿದರು. ಒಬ್ಬನ ಕಾಲಿಗೆ ಕೇಬಲ್ ತೊಡರಿತು. ಡಬ್ಬಿ ನೆಲದ ಮೇಲೆ ಜಗ್ಗಿಕೊಂಡು ಹೋಗಿ ಸ್ಪೀಕರಿನ ಸ್ಟ್ಯಾಂಡಿಗೆ ಬಡಿಯಿತು. ಗಿಟಾರಿನ ಸದ್ದು ನಿಂತೇಹೋಯಿತು.

ಹಾಡು ಹೇಗೋ ಮುಗಿಯಿತು. ಮುಂದಿನದು ಹಳೆಯ ನಿಧಾನದ ಹಾಡು, ಅದು ಗಿಟಾರಿನಿಂದಲೇ ಶುರುವಾಗಬೇಕು. ಅವತ್ತಿನ ಅವಳ ಪರೀಕ್ಷೆ ಎಂದರೆ ಅದೇ. ಡಬ್ಬಿ ಬಿಟ್ಟು ಗಿಟಾರನ್ನು ನೇರ ಮಿಕ್ಸರಿಗೆ ಹಚ್ಚಬಹುದಿತ್ತು, ಆದರೆ ಮತ್ತೆ ಅದೇ ಒಣ ಕಡ್ಡಿಯ ಸದ್ದು. ಪರಸಪ್ಪ ಅವಳ ಕಡೆ ನೋಡಿದ, ಕೈಯಿಂದ 'ಇರಲಿ ಬಿಡು' ಅನ್ನುವಂತೆ ಸನ್ನೆ ಮಾಡಿದ, ಕೀಬೋರ್ಡಿನ ಮೇಲೆ ಬಟನ್ ಒತ್ತಿದ. ಬಟನ್ನಿನ ಗಿಟಾರು ಶುರುವಾಯಿತು. ಮಂದಿ ಊಟದ ಮಾತಾಡುತ್ತಲೇ ಇದ್ದರು. ಯಾರಿಗೂ ಏನೂ ಅನ್ನಿಸಲಿಲ್ಲ! ನಾನು ಎದ್ದೆ. ಸಾಲಿನಲ್ಲಿ ಮೊಣಕಾಲುಗಳನ್ನು ದಾಟುತ್ತ ಸ್ಟೇಜಿನ ಕಡೆ ನುಗ್ಗತೊಡಗಿದೆ.

ಸುಜಾತಾ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ನಾನು ಬರುವುದನ್ನು ಕಂಡಳು. ಕೈಯೆತ್ತಿ ಅಂಗೈ ತೋರಿಸಿದಳು. ಕೂಡ್ರಿ ಅಂತ. ವಾರ್ಡಿನಲ್ಲಿ ಗಾಬರಿಬಿದ್ದ ಪೇಶಂಟಿನ ಕಡೆಯವರನ್ನು ಬಾಗಿಲಲ್ಲೇ ನಿಲ್ಲಿಸುವ ಕೈ ಅದು. ನಾನು ನಿಂತಲ್ಲೇ ನಿಂತೆ.

ಬೆರಳಿನಿಂದ ಸ್ಕ್ರೂ ತಿರುವಿದಳು. ಮುಚ್ಚಳ ತೆಗೆದಳು. ಎಲ್ಲಾ ವಾಯರುಗಳೂ ಲೇಸಿಂಗ್ ಹಾಕಿದಂತೆ ಗೋಡೆಗೆ ಒರಗಿ ನಿಂತಿದ್ದವು. ಪ್ರಾರ್ಥನೆಗೆ ನಿಂತ ಸಾಲಿನಿಂದ ಒಬ್ಬನೇ ಹೊರಗೆ ಬಂದರೆ ಹೇಗೆ ಕಾಣುತ್ತಾನೋ ಹಾಗೆ, ಹಸಿರು ವಾಯರ್ ಒಂದೇ ಜಾಕಿನಿಂದ ಕಿತ್ತು ಮೇಲೆದ್ದಿತ್ತು. ಇದನ್ನು ಅವಳು ಆಮೇಲೆ ಹೇಳಿದ್ದು. ನನಗೆ ದೂರದಿಂದ ಕಂಡದ್ದು ಅವಳ ಬೆರಳು ಮಾತ್ರ, ಅವು ಹುಡುಕಾಡಲೇ ಇಲ್ಲ. ವಾಯರಿನ ತುದಿಯನ್ನು ಜಾಕಿನ ಹಿಂಬದಿಯ ತಗಡಿನ ಕಿವಿಯಲ್ಲಿ ಪೋಣಿಸಿ ತಿರುವಿದಳು. ಪರ್ಸಿನಿಂದ ಮೈಕ್ರೊಪೋರ್ ತೆಗೆದಳು, ಗಾಯಕ್ಕೆ ಹಚ್ಚುವ ಬಿಳಿ ಕಾಗದದ ಪಟ್ಟಿ. ನರ್ಸುಗಳ ಪರ್ಸಿನಲ್ಲಿ ಅದು ಇದ್ದೇ ಇರುತ್ತದೆಯಂತೆ. ಹಲ್ಲಿನಿಂದ ಹರಿದು, ಸುತ್ತಿ, ಒತ್ತಿ, ಮುಚ್ಚಳ ಹಾಕಿ, ಡಬ್ಬಿಯನ್ನು ಕಾಲಬಳಿ ಇಟ್ಟಳು.

ಹಾಡಿನ ಮೊದಲ ನುಡಿ ಮುಗಿದು ನಡುವೆ ಬರೀ ವಾದ್ಯಗಳ ಜಾಗ ಬಂದಿತ್ತು. ಪರಸಪ್ಪನ ಬೆರಳು ಬಟನ್ನಿನ ಗಿಟಾರಿನಲ್ಲೇ ಓಡುತ್ತಿತ್ತು. ಸುಜಾತಾ ಸ್ವಿಚ್ ತುಳಿದಳು, ಅವನ ಸದ್ದಿನ ಮೇಲೆಯೇ ತನ್ನ ತಂತಿ ಮೀಟಿದಳು. ಒಂದು ಸಾಲಿನ ತನಕ ಎರಡು ಗಿಟಾರು ಒಟ್ಟಿಗೆ ಕೇಳಿದವು. ಒಂದು ಅಳತೆ ಹಿಡಿದ ಹಾಗೆ ಹೊರಟಿತ್ತು. ಇನ್ನೊಂದು ಎಳೆಯುತ್ತ, ತಡೆಯುತ್ತ, ಪೆಂಡಾಲಿನ ತುದಿಯವರೆಗೂ ಹೋಗಿ ಬರುತ್ತಿತ್ತು. ಹಾಡುವವನು ಕೀಬೋರ್ಡಿಗೆ ಬೆನ್ನು ಹಾಕಿ ಅವಳ ಕಡೆ ತಿರುಗಿದ. ಊಟದ ಮಾತು ನಿಂತಿತು. ಪರಸಪ್ಪ ಕೀಲಿಗಳ ಮೇಲಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

ನಾನು ಅಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಪರರ ಲಗ್ನದಲ್ಲಿ, ಕರೆಯದ ಮನೆಯಲ್ಲಿ, ನಡುದಾರಿಯಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡೆ.

ಪ್ರೋಗ್ರಾಮ್ ಮುಗಿದ ಮೇಲೆ ಪರಸಪ್ಪ ಏನೋ ಹೇಳಲು ಬಾಯಿ ತೆರೆದ. ಅವನ ತೀರ್ಪಿಗೆ ಅವಳು ಕಾಯಲೇ ಇಲ್ಲ. ಗಿಟಾರನ್ನು ಚೀಲಕ್ಕೆ ಹಾಕುತ್ತ, "ಅಣ್ಣಾರ, ಈ ಸೀಜನ್ ಪೂರ್ತಿ ನಾ ಬರತೇನಿ. ಖುರ್ಚಿ ಅಲ್ಲೇ ಇರಲಿ. ಆ ಬಟನ್ ಅಷ್ಟ ಇನ್ನ ಮುಟ್ಟಬ್ಯಾಡ್ರಿ" ಎಂದಳು. ಅವನು ಗೋಣಿಚೀಲದ ಬಾಯಿ ಕಟ್ಟುತ್ತ, "ಆತವಾ" ಎಂದ. ಅಷ್ಟೇ ಹೇಳಿದ್ದು.

ವಾರ ಕಳೆದು ಅವನು ತನ್ನ ಆಂಪ್ಲಿಫೈಯರ್ ಒಯ್ಯಲು ಗೋಕಾಕಕ್ಕೆ ಬಂದ. ಪೇಪರ್ ಸರಿಸಿ ಕೊಟ್ಟೆ, ಸರಿಮಾಡಿ ಇಟ್ಟಿದ್ದೆ. ಹೋಗಲಿಲ್ಲ, ನಿಂತೇ ಇದ್ದ. ಕಡೆಗೆ ಹೇಳಿದ: "ಬಾಯಾರ, ನನಗೂ ಅಂಥಾದ್ದೊಂದ ಡಬ್ಬಿ ಬೇಕಾಗಿತ್ರಿ, ಹಾಡಾವ್ರ ಮೈಕಿಗೆ. ಖರೆ, ಒಳಗಿನ ನಂಬರಷ್ಟ ಕೆರದ ಕೊಡ್ರಿ. ಬ್ಯಾರೆ ಆರ್ಕೆಸ್ಟ್ರಾದವ್ರು ಬಿಚ್ಚಿ ನೋಡಿ ನಕಲ ಮಾಡ್ತಾರ."

"ಒಳಗ ಯಾರ್ ನೋಡ್ತಾರ್ರಿ ಪರಸಪ್ಪಾ?" ಎಂದೆ.

ಅವನಿಗೆ ನಗು ತಡೆಯಲಾಗಲಿಲ್ಲ, ನನಗೂ. ಆದರೆ ನಂಬರ್ ಕೆರೆಯುವುದಿಲ್ಲ ಎಂದು ಕಡ್ಡಿ ಮುರಿದು ಹೇಳಿದೆ. ಕೆರೆದು ಕೊಡುವ ಅಂಗಡಿಗಳು ಬೇಕಾದಷ್ಟಿವೆ, ಅಲ್ಲಿಗೆ ಹೋಗಿ ಎಂದೆ. ಹೋಗಲಿಲ್ಲ. ಕೆರೆಯದೇ ಇರುವ ಡಬ್ಬಿಯನ್ನೇ ಮಾಡಿಸಿಕೊಂಡ.

ಈ ವೃತ್ತಿ ನನಗೆ ಕಲಿಸಿದ್ದನ್ನು ನಾನು ಎಕ್ಸ್‌ಚೇಂಜಿನಲ್ಲೇ ಅರ್ಧ ಕಲಿತಿದ್ದೆ: ಮುಚ್ಚಳ ತೆಗೆದವನು ನಿನಗೆ ಬೈಬಾರದು. ಉಳಿದರ್ಧ ಕಲಿಸಿದವಳು ಸುಜಾತಾ. ಮುಚ್ಚಳ ತೆಗೆದವರಿಗೆ ನಿನ್ನನ್ನು ಕರೆಯುವ ಗರಜೇ ಬೀಳಬಾರದು. ಅಂಥ ಕೆಲಸ ಮಾಡಿದರೆ ಗಿರಾಕಿ ಕಮ್ಮಿಯಾಗುತ್ತಾರೆ ಎಂದು ನಮ್ಮ ಲೈನಿನವರು ಹೆದರಿಸುತ್ತಾರೆ. ಆಗಲಿ. ನನಗೆ ಬೇಕಾದದ್ದು ಸ್ಟೇಜಿನ ಮೇಲಿಂದ ನನ್ನನ್ನು ನಿಲ್ಲಿಸಿದ ಆ ಅಂಗೈ.

ಸೀಜನ್ ಮುಗಿದ ಮೇಲೆ ಅವಳು ಡಬ್ಬಿ ತಂದಳು. ತೆಗೆದು ನೋಡಿದರೆ ಹಸಿರು ವಾಯರಿನ ಬುಡದಲ್ಲಿ ಆ ಮೈಕ್ರೊಪೋರ್ ಪಟ್ಟಿ ಹಾಗೇ ಇತ್ತು, ಸ್ವಲ್ಪ ಕಂದಿತ್ತು. ಇಡೀ ಸೀಜನ್ ಅದರ ಮೇಲೆಯೇ ದಾಟಿಸಿದ್ದಾಳೆ, ಮಾರಾಯ್ತಿ! ನಾನು ಐರನ್ ಕಾಯಿಸಿ ಕೈಗೆತ್ತಿಕೊಂಡೆ.

"ಕೊಡ್ರಿ ಅಕ್ಕಾರ, ನಾ ಹಚ್ಚತೇನಿ" ಎಂದು ಕೈ ಚಾಚಿದಳು.

ಕೊಟ್ಟೆ. ಪಟ್ಟಿ ಬಿಡಿಸಿ, ಉಸಿರು ಹಿಡಿದು, ಹಸಿರು ವಾಯರಿನ ತುದಿಗೆ ಸೀಸ ಮುಟ್ಟಿಸುತ್ತಿದ್ದಳು. ಬಾಗಿಲಲ್ಲಿ ಯಾರೋ ಆಂಪ್ಲಿಫೈಯರ್ ಹೊತ್ತು ಬಂದು ನಿಂತು, "ಮಾಲಕರ ಎಲ್ಲಿ ಹೋಗ್ಯಾರ್ರಿ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅವಳು ತಲೆಯೆತ್ತದೆ, "ಎದುರಿಗೇ ಕುಂತಾರ, ನೋಡ್ರಿ. ಒಂದ ಮಿನಿಟ್ ತಡೀರಿ, ನನ್ನ ಕೆಲಸ ನಡದೈತಿ" ಎಂದಳು.